ಗೌರವ್ವನ ಮೀಸೆ

“ಗೌರವ್ವನ ಪಾತ್ರಕ್ಕ ಇದು ಬಸವರಾಜ ಕಾಕಾನ ಹೆಸರು ಹೇಳಾಕತ್ತೈತಿ!”

ಲ್ಯಾಪ್‌ಟಾಪ್ ನೋಡುತ್ತಿದ್ದ ಕಾರ್ಯದರ್ಶಿ ವೀಣಾ ಹೀಗೆಂದಾಗ ತಾಲೀಮಿನ ಕೋಣೆಯಲ್ಲಿದ್ದ ನಾವೆಲ್ಲ ಗೊಳ್ಳೆಂದು ನಕ್ಕೆವು. ಧಾರವಾಡದ ನಮ್ಮ ಹವ್ಯಾಸಿ ನಾಟಕ ಸಂಘದ ಪ್ರದರ್ಶನ ಅಂದೇ ಸಂಜೆ ಇತ್ತು. ಗೌರವ್ವನ ಪಾತ್ರ ಮಾಡಬೇಕಿದ್ದ ನಟಿಯ ಗಂಟಲು ಬೆಳಿಗ್ಗೆ ಪೂರ್ತಿ ಕಟ್ಟಿಹೋಗಿತ್ತು. ನಾಟಕ ರದ್ದು ಮಾಡುವ ಮೊದಲು ವೀಣಾ, ಸಂಘದ ಸದಸ್ಯರ ಮಾಹಿತಿಗೂ ಹಳೆಯ ಪ್ರದರ್ಶನಗಳ ದಾಖಲೆಗೂ ಹೊಸದಾಗಿ ಜೋಡಿಸಿದ್ದ ಎಐ ಸಹಾಯಕನನ್ನು ಕೇಳಿದ್ದರು: ಈ ಪಾತ್ರ ಹಿಂದೆ ಯಾರಾದರೂ ಮಾಡಿದ್ದಾರೆಯೇ?

ಪೊದೆಮೀಸೆಯ ಹತ್ತಿ ವ್ಯಾಪಾರಿ ಬಸವರಾಜ ಕಾಕಾ ಅಲ್ಲೇ ಕುಳಿತಿದ್ದರು. ಅವರು ನಗಲಿಲ್ಲ.

“ಖರೇನ ಹೇಳೈತ್ರಿ. ಹುಡುಗ ಇದ್ದಾಗ ಸೀರಿ ಉಟ್ಟು ನಾನ ಮಾಡಿದ್ದೆ.” ಎದ್ದು ನಿಂತು ಗೌರವ್ವನ ಮೊದಲ ಮಾತು ಹೇಳಿದರು. ದನಿ ಥೇಟ್ ಹೆಣ್ಣಿನದೇ.

“ಮತ್ತ ಮೀಸಿ, ಕಾಕಾ?” ಎಂದೆ.

“ಮೀಸಿ ಮತ್ತ ಬರ್ತಾವ, ಮಂದಿ ಬರಂಗಿಲ್ಲ. ಲಗೂ ಸೀರಿ ತರ್ರಿ!”

ಸಂಜೆ ಪರದೆ ಸರಿದಾಗ ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿಗೇ ಗೌರವ್ವ ಯಾರೆಂದು ತಿಳಿಯಲಿಲ್ಲ. ಕೊನೆಗೆ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಟಿಯ ಗಂಟಲು ಈಗ ಸರಿಯಾಗಿದೆ. ಕಾಕಾ ಮಾತ್ರ ಅಂದು ಬೋಳಿಸಿದ ಮೀಸೆಯನ್ನು ಇನ್ನೂ ಬೆಳೆಸಿಲ್ಲ. ಸಂಘಕ್ಕೆ ಬಂದಾಗಲೆಲ್ಲ ಲ್ಯಾಪ್‌ಟಾಪ್ ಕಡೆ ಬಾಗಿ, ಮತ್ತೆ ಯಾವುದಾದರೂ ಪಾತ್ರಕ್ಕೆ ತಮ್ಮ ಹೆಸರು ಹೇಳಿತೇ ಎಂದು ವೀಣಾ ಅವರನ್ನು ಕೇಳುತ್ತಾರೆ.