ಮೂರು ಸುತ್ತು ಬರಲು ಜಾಗ

ಐದು ವರ್ಷದ ಹಿಂದಿನ ಮಾತು. ತರೀಕೆರೆ ಕಡೆಯ ಒಂದು ಊರಿನ ಸಮಿತಿಯವರು ಹಳೆಯ ಸುಡುಗಾಡಿನಲ್ಲಿ ಗ್ಯಾಸ್ ಚಿತಾಗಾರ ಕಟ್ಟಿಸಬೇಕೆಂದು ನನ್ನ ಬಳಿ ಬಂದರು. ಕಡೂರಿನಲ್ಲಿ ನಾನು ಆರ್ಕಿಟೆಕ್ಟ್ ಆಫೀಸು ತೆರೆದು ಆಗ ಇಪ್ಪತ್ತೆರಡು ವರ್ಷ. ಮನೆ, ಛತ್ರ, ರೈಸ್ ಮಿಲ್ಲು ಎಲ್ಲ ಕಟ್ಟಿಸಿ ಆಗಿತ್ತು, ಸ್ಮಶಾನವೊಂದು ಬಾಕಿ ಇತ್ತು.

ಹಟ ಹಿಡಿದು ಓದಿದೆ. ಫರ್ನೇಸ್, ಅಂದರೆ ದೇಹ ಸುಡುವ ಕುಲುಮೆ, ಎಷ್ಟು ಕಾಯಬೇಕು, ಹೊಗೆಯನ್ನು ನೀರಿನಲ್ಲಿ ತೊಳೆಯುವ ಸ್ಕ್ರಬ್ಬರ್ ಎಲ್ಲಿರಬೇಕು, ಮೂವತ್ತು ಮೀಟರಿನ ಚಿಮಣಿ ಊರಿನ ಯಾವ ದಿಕ್ಕಿಗೆ ಬರಬೇಕು, ಒಂದನ್ನೂ ಬಿಡಲಿಲ್ಲ. ಸುತ್ತ ಹೊಂಗೆ, ನೇರಳೆ ನೆಡಿಸಿದೆ. ಮುಂದೆ ದುಂಡನೆಯ ಹುಲ್ಲುಹಾಸು ಬೆಳೆಸಿ ‘ತುಳಿಯಬೇಡಿ’ ಎಂದು ಬೋರ್ಡು ಬೇರೆ ಹಾಕಿಸಿದೆ. ಮೂವತ್ತು ವರ್ಷ ಅಲ್ಲೇ ಸೌದೆ ಒಟ್ಟಿದ್ದ ತಿಮ್ಮಪ್ಪ ದಿನವೂ ಬಂದು ನೋಡುತ್ತಿದ್ದ. ಅವನನ್ನು ಒಂದು ಮಾತು ಕೇಳಬೇಕೆಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಮೊದಲ ದಿನ ಬಂದದ್ದು ಒಬ್ಬ ಮುದುಕಿಯ ದೇಹ. ಗಂಡುಮಕ್ಕಳಿರಲಿಲ್ಲ. ಮಗಳು ಸುಮಿತ್ರಾ ತಾನೇ ನೀರಿನ ಮಡಕೆ ಹೊತ್ತಿದ್ದಳು. ಚಟ್ಟವನ್ನು ಫರ್ನೇಸಿನ ಮುಂದಿನ ಟ್ರಾಲಿಯ ಮೇಲಿಟ್ಟರು. ಮಡಕೆ ಹೊತ್ತವರು ದೇಹಕ್ಕೆ ಮೂರು ಸುತ್ತು ಬರಬೇಕು. ಹಿಂದೆ ಒಬ್ಬರು ಬರುತ್ತಾ ಸುತ್ತಿಗೊಂದರಂತೆ ಮಡಕೆಗೆ ತೂತು ಮಾಡಬೇಕು. ಸುಮಿತ್ರಾ ಅರ್ಧ ಸುತ್ತಿಗೇ ನಿಂತುಬಿಟ್ಟಳು. ಆ ಬದಿಯಲ್ಲಿ ಟ್ರಾಲಿಗೂ ಗೋಡೆಗೂ ನಡುವೆ ನಾನು ಬಿಟ್ಟಿದ್ದು ಒಂದೇ ಅಡಿ!

“ಸುತ್ತು ಬರೋಕೆ ಜಾಗ ಎಲ್ಲೈತೆ ಸಾರ್?” ಎಂದಳು.

ಅವಳ ಸೋದರಮಾವ, “ಈ ಕಡೇಲೇ ಮೂರ್ ಸಲ ಹೋಗ್ ಬಂದ್ಬಿಡವ್ವ, ಸಾಕು” ಎಂದ.

“ಯಾಕ್ ಮಾವ? ಗಂಡ್ಮಗ ಹೊತ್ತಿದ್ರೆ ಹಿಂಗೇ ಅಂತಿದ್ರಾ? ನಮ್ಮವ್ವನ್ನ ಅರ್ಧಂಬರ್ಧ ಕಳ್ಸಕಿಲ್ಲ ನಾನು.”

ತಿಮ್ಮಪ್ಪ ಮುಂದೆ ಬಂದ. “ಚಟ್ಟ ಎತ್ರಪ್ಪ. ಹೊರಗಡೆ ಹುಲ್ಲಿನ್ ಮೇಲೆ ಇಳ್ಸನ” ಎಂದವನು ನನ್ನ ಮುಖ ನೋಡಿದ.

ನಾನೇ ಓಡಿಹೋಗಿ ಬೋರ್ಡು ಕಿತ್ತೆಸೆದೆ. ಹುಲ್ಲುಹಾಸಿನ ನಡುವೆ ಚಟ್ಟ ಇಳಿಸಿದರು. ಸುಮಿತ್ರಾ ಮೂರು ಸುತ್ತೂ ಪೂರ್ತಿ ಬಂದಳು. ಅವಸರವಿಲ್ಲ, ಯಾರಿಗೂ ಮೈ ತಾಕುವ ಅಂಜಿಕೆಯಿಲ್ಲ. ಮಡಕೆಯನ್ನು ಹಿಂದಕ್ಕೆ ಬಿಟ್ಟು, ಬೆನ್ನು ತಿರುಗಿಸಿಯೇ ದೇಹದ ಮೇಲಿಟ್ಟ ಕರ್ಪೂರಕ್ಕೆ ಬೆಂಕಿ ಮುಟ್ಟಿಸಿ, ಗೇಟಿನ ಕಡೆ ಹೊರಟಳು. ಉಳಿದವರು ಚಟ್ಟವನ್ನು ಮತ್ತೆ ಟ್ರಾಲಿಗೆ ಒಯ್ದರು. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಆ ಗೋಡೆಯನ್ನು ಐದಡಿ ಹಿಂದಕ್ಕೆ ಸರಿಸಿದೆವು. ಹುಲ್ಲುಹಾಸಿನ ನಡುವೆ ಚಟ್ಟ ಇಳಿಸಲು ಕಲ್ಲಿನ ಕಟ್ಟೆ ಹಾಕಿಸಿದೆವು. ಸುತ್ತಳತೆಯನ್ನು ಹೆಜ್ಜೆಯಲ್ಲಿ ಅಳೆದವನು ತಿಮ್ಮಪ್ಪ, ಟೇಪು ಹಿಡಿದು ಬರೆದುಕೊಂಡವನು ನಾನು. ಈಗ ಯಾವ ಕಟ್ಟಡವೇ ಇರಲಿ, ಅಲ್ಲಿ ಕೆಲಸ ಮಾಡಿದವರ ಜೊತೆ ಒಮ್ಮೆ ನಡೆದು ನೋಡದೆ ನಾನು ಪೆನ್ಸಿಲ್ ಮುಟ್ಟುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇದು.

ಅವತ್ತು ಸುಮಿತ್ರಾಳ ಹತ್ತಿರ ತಪ್ಪಾಯಿತು ಅನ್ನಬೇಕಿತ್ತು. ಅವಳು ಗೇಟಿನ ಕಡೆ ಹೊರಟಾಗ ನಾಲ್ಕು ಹೆಜ್ಜೆ ಅವಳ ಹಿಂದೆ ಹೋದೆ ಕೂಡ. ತಿಮ್ಮಪ್ಪ ನನ್ನ ತೋಳು ಹಿಡಿದ.

“ಕರೀಬ್ಯಾಡಿ ಸಾರ್. ಈಗ ಅವ್ಳು ತಿರುಗಿ ನೋಡಂಗಿಲ್ಲ.”