ಪಕ್ಕದ ಸೀಟಿನ ಪಾಳಿ

ನಿನ್ನೆ ಸಂಜೆ ನಮ್ಮ ಓಣಿಗೆ ಸೊಳ್ಳೆಯ ಹೊಗೆ ಬಿಡುವವರು ಬಂದಿದ್ದರು. ಹೆಗಲಿಗೆ ಯಂತ್ರ ಹಾಕಿಕೊಂಡವನೊಬ್ಬ ಗಟಾರದ ಬಾಯಿಗೆಲ್ಲ ಹೊಗೆ ಊದುತ್ತ ನಡೆದರೆ, ಎರಡೂ ಕಡೆಯ ಮನೆಗಳ ಕಿಟಕಿಗಳು ದಡಬಡ ಮುಚ್ಚಿಕೊಂಡವು. ನಾನೊಬ್ಬಳೇ ಕಟ್ಟೆಯ ಮೇಲೆ ಬಂದು ನಿಂತೆ. ಹುಚ್ಚು ಹಿಡಿದಿದೆ ಎಂದುಕೊಳ್ಳುವವರು ಅಂದುಕೊಳ್ಳಲಿ. ಆ ಯಂತ್ರದಿಂದ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಸುಟ್ಟ ವಾಸನೆ ಬರುತ್ತಿತ್ತು. ನನಗೆ ಅದು ಬೇಕಾಗಿತ್ತು.

ಅದು ನಮ್ಮ ವಿಮಾನದ ವಾಸನೆ. ಹೌದು, ನೀವು ಸರಿಯಾಗಿಯೇ ಓದಿದಿರಿ. ಬೈಲಹೊಂಗಲದ ಕಬ್ಬಿನ ಮನೆತನಗಳಲ್ಲಿ ಟ್ರ್ಯಾಕ್ಟರ್ ಇರುತ್ತದೆ, ಲಾರಿ ಇರುತ್ತದೆ. ನಮ್ಮಲ್ಲಿ ಒಂದು ವಿಮಾನವೂ ಇತ್ತು. ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇಳಿಯುವಂಥದ್ದನ್ನು ನೆನೆಸಿಕೊಂಡು ನಮ್ಮನ್ನು ದೊಡ್ಡವರು ಮಾಡಬೇಡಿ. ಒಂದಿಷ್ಟು ಕೊಳವೆ, ಬಿಗಿದು ಕಟ್ಟಿದ ಬಟ್ಟೆಯ ರೆಕ್ಕೆ, ಬೆನ್ನ ಹಿಂದೆ ಗರಗರ ತಿರುಗುವ ಪಂಖ, ಮುಂದೆ ಅಕ್ಕಪಕ್ಕ ಎರಡು ಸೀಟು. ಬಾಗಿಲೂ ಇಲ್ಲ, ಮೇಲೆ ಚಾವಣಿಯೂ ಇಲ್ಲ. ನಮ್ಮ ಅತ್ತೆ ಅದನ್ನು ಮೊದಲ ಸಲ ನೋಡಿದಾಗ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರ ಉಳಿದ ಸಾಮಾನು ಯಾವಾಗ ಬರ್ತಾವೋ ತಮ್ಮಾ?" ಎಂದು ಮಗನನ್ನು ಕೇಳಿದ್ದರು.

ನಮ್ಮವರು ಕಾಲೇಜಿನ ದಿನಗಳಲ್ಲಿ ಪುಣೆಯಲ್ಲಿ ಗ್ಲೈಡರ್ ಹತ್ತಿದ್ದರಂತೆ. ಆಮೇಲೆ ಊರಿಗೆ ಬಂದು ಹೊಲ ನೋಡಿದರು, ಕಬ್ಬು ಕಳಿಸಿದರು, ನನ್ನನ್ನು ಮದುವೆಯಾದರು. ಆದರೆ ಹತ್ತಿದ ಹುಚ್ಚು ಇಳಿದಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಪುಣೆಯವರೊಬ್ಬರು ಹಳೆಯ ಯಂತ್ರ ಮಾರುತ್ತಾರೆಂದು ಸುದ್ದಿ ಬಂತು. ಕಬ್ಬಿಗೆ ಔಷಧ ಹೊಡೆಯಲು ಆಗುತ್ತದೆ ಎಂದು ಮನೆಯವರನ್ನೆಲ್ಲ ನಂಬಿಸಿ ತಂದರು. ಕಬ್ಬಿಗೆ ಅದು ಒಂದು ಹನಿ ಔಷಧವನ್ನೂ ಹೊಡೆಯಲಿಲ್ಲ. ಕಿತ್ತೂರಿನಿಂದ ಎಂ.ಕೆ. ಹುಬ್ಬಳ್ಳಿಗೆ ಹೋಗುವ ಕಡೆ ನಮ್ಮದೊಂದು ಗರಸು ನೆಲವಿತ್ತು, ಏನೂ ಬೆಳೆಯದ್ದು. ಅಲ್ಲಿ ತಗಡಿನ ಶೆಡ್ಡು ಹಾಕಿ, ಪರವಾನಗಿಗೆ ಕಚೇರಿಯಿಂದ ಕಚೇರಿಗೆ ಅಲೆದು, ಕೊನೆಗೊಂದು ದಿನ ಹಾರಿಯೇಬಿಟ್ಟರು.

ಇನ್ನು ಪಕ್ಕದ ಸೀಟಿನ ಮಾತು. ನಮ್ಮ ಕಡೆಯ ಮನೆಗಳಲ್ಲಿ ಊಟದ ಪಾಳಿ ಹೇಗೆಂದು ನಿಮಗೆ ಗೊತ್ತಿರಬಹುದು. ಬಂದವರು ಮೊದಲು, ಆಮೇಲೆ ಹಿರಿಯರು, ಗಂಡಸರು, ಮಕ್ಕಳು. ಮನೆಯಾಕೆ ಎಲ್ಲರದೂ ಆದ ಮೇಲೆ ಉಳಿದದ್ದನ್ನು ನೋಡಿ ಕೂರುತ್ತಾಳೆ. ಇದನ್ನು ಯಾರೂ ಕಾಯಿದೆ ಮಾಡಿ ಹೇರಿದ್ದಲ್ಲ, ನನ್ನ ಅವ್ವನೂ ಹಾಗೆಯೇ ಉಂಡವಳು. ವಿಮಾನ ಬಂದಾಗ ನಾವು ಅದಕ್ಕೂ ಅದೇ ಪಾಳಿ ಹಚ್ಚಿದೆವು. ಮೊದಲು ಅತ್ತೆ ಹಾರಿದರು, ಕಣ್ಣು ಮುಚ್ಚಿಕೊಂಡು. ಆಮೇಲೆ ಬೀಗರು, ಡಾಕ್ಟರು, ಸಾಲೆಯ ಹೆಡ್ ಮಾಸ್ತರರು, ಮುನವಳ್ಳಿಯ ಅರಳೆ ವ್ಯಾಪಾರಿ, ಅವರ ಅಳಿಯ. ನಾನು ಶೆಡ್ಡಿನ ನೆರಳಲ್ಲಿ ಚಹಾ ಸೋಸುತ್ತಿದ್ದೆ. ಯಾರಾದರೂ ಮರ್ಯಾದೆಗೆ, "ವೈನಿ, ನೀವು ಹೋಗಿ ಬಂದ್ರೇನ್ರಿ?" ಎಂದು ಕೇಳಿದರೆ ಉತ್ತರ ಬಾಯಲ್ಲೇ ಸಿದ್ಧವಿರುತ್ತಿತ್ತು: "ಅವರು ಹೋಗಿ ಬರ್ಲಿ ತಗೋರಿ. ನಾ ಮನಿಯಾಕಿ, ಎಲ್ಲಿ ಓಡಿ ಹೊಂಟೇನಿ?"

ಹೀಗೆ ಹೇಳುವಾಗ ನನಗೆ ಒಳಗೆ ದೊಡ್ಡತನದ ಸುಖವೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ವರ್ಷಕ್ಕೊಮ್ಮೆ, ಸಂಕ್ರಮಣ ಮುಗಿದ ಮೇಲೆ, ಇಂಥ ವಿಮಾನಗಳ ದೊಡ್ಡ ಮೇಳ ಕೂಡುತ್ತಿತ್ತು. ರಾಮದುರ್ಗ ದಾಟಿ ಇನ್ನೂ ಪೂರ್ವಕ್ಕೆ ಹೋದರೆ ಗುಡ್ಡ ಮುಗಿದು ನೆಲ ಬೋಳಾಗುವಲ್ಲಿ ಹಳೆಯ ಕಾಲದ ಒಂದು ವಿಮಾನಪಟ್ಟಿ. ಪುಣೆ, ಕೊಲ್ಲಾಪುರ, ಹೈದರಾಬಾದು, ಬೆಂಗಳೂರು, ಎಲ್ಲೆಲ್ಲಿಂದಲೋ ಬರುತ್ತಿದ್ದರು. ಅಲ್ಲಿ ಲಾಡ್ಜಿಲ್ಲ, ಖಾನಾವಳಿಯಿಲ್ಲ. ಅವರವರ ರೆಕ್ಕೆಯ ಕೆಳಗೆ ಅವರವರ ಡೇರೆ.

ನಮ್ಮವರು ಹಾರಿ ಹೋಗುತ್ತಿದ್ದರು. ಆದರೆ ಡೇರೆ ಹಾರುವುದಿಲ್ಲವಲ್ಲ. ಡೇರೆ, ಹಾಸಿಗೆ, ನೀರಿನ ಕೊಡ, ಸ್ಟೋವು, ಜೋಳದ ಹಿಟ್ಟಿನ ಡಬ್ಬಿ, ರೊಟ್ಟಿಯ ಹಂಚು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಭರಣಿ, ಇವೆಲ್ಲ ಜೀಪಿನಲ್ಲಿ. ಆ ಜೀಪು ನಡೆಸಲೆಂದೇ ನಾನು ಡ್ರೈವಿಂಗ್ ಕಲಿತದ್ದು. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗದ ದಾರಿ. ಕಬ್ಬಿನ ಹಂಗಾಮು ಬೇರೆ. ಎದುರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ದಾರಿ ತುಂಬ ತೂರಾಡುತ್ತ ಬರುತ್ತಿದ್ದವು, ಹಾಡು ಬೇರೆ ಜೋರಾಗಿ ಹಚ್ಚಿಕೊಂಡು. ನಾನು ತಗ್ಗಿಗಿಳಿದು ನಿಲ್ಲುವುದು, ಮತ್ತೆ ಹತ್ತುವುದು. ಧೂಳು ಹಲ್ಲಿನ ಸಂದಿಯಲ್ಲಿ ಕರಕರ ಅನ್ನುತ್ತಿತ್ತು.

ಸುರೇಬಾನ ನನ್ನ ತವರು. ನಮ್ಮವರು ಅಪ್ಪನ ಹೊಲದಲ್ಲಿ ಇಳಿದು ಪೆಟ್ರೋಲು ತುಂಬಿಕೊಂಡು, ಅವ್ವ ಕೊಟ್ಟ ಸಜ್ಜಕ ಉಂಡು, ತಮ್ಮನನ್ನೋ ದೊಡ್ಡಪ್ಪನನ್ನೋ ಒಂದು ಸುತ್ತು ಹಾರಿಸಿ ಮುಂದೆ ಹೋಗುತ್ತಿದ್ದರು. ನಾನು ಮುಟ್ಟುವ ಹೊತ್ತಿಗೆ ಅವ್ವ ಬಾಗಿಲಲ್ಲೇ, "ಈಗ ಹೋದ್ರವ್ವಾ, ಈಗ," ಎನ್ನುತ್ತಿದ್ದಳು. ಪ್ರತಿ ವರ್ಷ "ಈಗ". ನಿಂತೇ ಚಹಾ ಕುಡಿದು ಮತ್ತೆ ಜೀಪು. ಸೊಂಟ ಮುರಿದವಳಂತೆ ಮೇಳಕ್ಕೆ ಮುಟ್ಟಿದರೆ ಇವರು ಮುಖ ತೊಳೆದು, ತಲೆ ಬಾಚಿ, ಪುಣೆಯವರ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು.

"ಯಾಕ ಇಷ್ಟ ತಡಾ ಆತು?"

ಪ್ರತಿ ವರ್ಷ ಇದೇ ಪ್ರಶ್ನೆ. ನಾನು ಡೇರೆಯ ಗೂಟ ಹೊಡೆಯುತ್ತಿದ್ದೆ.

ಮೇಳ ಚಂದವೇ ಇತ್ತು. ಮುಂಜಾನೆ ಎದ್ದರೆ ಸಾಲಾಗಿ ಕಟ್ಟಿಹಾಕಿದ ವಿಮಾನಗಳ ರೆಕ್ಕೆಯ ಮೇಲೆ ಇಬ್ಬನಿ, ಸಂತೆಯಲ್ಲಿ ಕಟ್ಟಿದ ಎತ್ತುಗಳ ಹಾಗೆ ಗಾಳಿಗೆ ಅವು ಸಣ್ಣಗೆ ಅಲುಗುತ್ತಿದ್ದವು. ಆದರೆ ಎರಡನೆಯ ವರ್ಷಕ್ಕೇ ಒಂದು ಅನಾಹುತವಾಯಿತು. ಪಕ್ಕದ ಡೇರೆಯ ಪುಣೆಯವರು ಬ್ರೆಡ್ಡು ತಿನ್ನುವುದನ್ನು ನೋಡಲಾರದೆ ನಾನು ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ಕೊಟ್ಟೆ. ಅಷ್ಟೇ. ಮರುದಿನದಿಂದ ನಮ್ಮ ಡೇರೆಯ ಮುಂದೆ ತಾಟು ಹಿಡಿದವರ ಸಾಲು. "ಭಾಭಿ, ಏಕ್ ಭಾಕ್ರಿ." ಬಂದವರಿಗೆ ಇಲ್ಲ ಅನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ, ಇವರಿಗಂತೂ ಆ ಶಬ್ದವೇ ಗೊತ್ತಿರಲಿಲ್ಲ. "ಬರ್ರಿ ಬರ್ರಿ, ಕುಂದರ್ರಿ, ಇನ್ನೊಂದು ಹಾಕಸ್ಕೋರಿ," ಎಂದು ಕೈಹಿಡಿದು ಕರೆತರುತ್ತಿದ್ದರು. ಅವರೆಲ್ಲ ಆಕಾಶದ ಮಾತಾಡುತ್ತಿದ್ದರು, ನಾನು ರೊಟ್ಟಿ ಬಡಿಯುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಹಿಟ್ಟಿನ ಡಬ್ಬಿ ದೊಡ್ಡದಾಯಿತು.

ಆಮೇಲೆ ಇವರ ಕಣ್ಣು ಮಂಜಾಗತೊಡಗಿತು. ಮೊದಲು ದೂರದ ಗೂಟ ಕಾಣಲಿಲ್ಲ, ಆಮೇಲೆ ದೂರದ ಗಿಡ. ಹಾರುವವರ ಕಣ್ಣು ಪರೀಕ್ಷೆ ಮಾಡುವ ಡಾಕ್ಟರು, ಬರುವ ಸಲ ಪರವಾನಗಿಗೆ ಸಹಿ ಹಾಕುವುದಿಲ್ಲವೆಂದು ಮುಖದ ಮೇಲೆಯೇ ಹೇಳಿದರು. ಯಂತ್ರವನ್ನು ಮೇಳದಲ್ಲಿ ಪಕ್ಕದ ಡೇರೆಯ ಪುಣೆಯವರಿಗೇ ಕೊಡುವುದೆಂದು ಮಾತಾಯಿತು. ಒಂದು ಮೇಳ ಉಳಿದಿತ್ತು. ಅದಕ್ಕೆ ಹೊರಡುವ ಮೊದಲು ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಕೇಳಿಲ್ಲಿ. ಈ ಸಲ ತಿರುಗಿ ಬರೂಮುಂದ ನೀ ನನ್ನ ಜೋಡಿ. ಜೀಪ್ ನಿನ್ನ ತಮ್ಮ ಮರುದಿನ ಬಸ್ಸಿಗೆ ಬಂದು ತರ್ತಾನ. ಮುನವಳ್ಳಿ ಮ್ಯಾಲೆ ಬಂದಾಗ ಮಲಪ್ರಭಾ ಹಿನ್ನೀರ ನೋಡಬೇಕ ನೀ. ಮುಂಜಾನಿ ಬಿಸಿಲಾಗ."

ನಾನು "ಹೂಂ" ಎಂದೆ. ಅಷ್ಟು ಹೇಳಿ ಆ ರಾತ್ರಿ ನಿದ್ದೆ ಮಾಡಲಿಲ್ಲ. ಸೀರೆಯ ಸೆರಗು ಪಂಖಕ್ಕೆ ಸಿಕ್ಕರೆ ಕತೆ ಮುಗಿದಂತೆ. ಹಾಗಾಗಿ ಮರುದಿನವೇ ಟೇಲರನ ಬಳಿ ಹೋಗಿ, ನಾದಿನಿಯ ಮಗಳಿಗೆಂದು ಸುಳ್ಳು ಹೇಳಿ ಒಂದು ಚೂಡಿದಾರ ಹೊಲಿಸಿದೆ. "ಅಳತಿ ರೀ?" ಎಂದ. "ಹುಡುಗಿ ನನ್ನಷ್ಟ ದಪ್ಪ ಅದಾಳ, ನಂದ ತಗೋ," ಎಂದೆ. ಅವನು ನಗು ತಡೆದುಕೊಂಡು ಟೇಪು ಹಿಡಿದ. ಆ ವಯಸ್ಸಿನಲ್ಲಿ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ನನಗೇ ನಾಚಿಕೆಯಾಯಿತು. ಆದರೂ ಮತ್ತೊಮ್ಮೆ ನೋಡಿಕೊಂಡೆ.

ಸಣ್ಣ ವಿಮಾನಕ್ಕೆ ಒಂದು ಸಂಕಟವಿದೆ. ಬಿಸಿಲೇರಿದ ಮೇಲೆ ಬೋಳು ನೆಲದಿಂದ ಗಾಳಿ ಎದ್ದು ಕುಣಿಸತೊಡಗುತ್ತದೆ. ಇಬ್ಬರು ಕೂತ ಯಂತ್ರಕ್ಕೆ ಆಗ ಮೇಲೇರುವ ಕಸುವು ಸಾಲದು. ಹೋಗುವುದಿದ್ದರೆ ಮುಂಜಾನೆಯ ತಂಪಿನಲ್ಲೇ ಹೋಗಬೇಕು. ಮಧ್ಯಾಹ್ನದೊಳಗೆ ಎಲ್ಲರೂ ಪಟ್ಟಿ ಖಾಲಿ ಮಾಡಬೇಕೆಂಬ ನಿಯಮವೂ ಇತ್ತು. ಕೊನೆಯ ದಿನ ನಾನು ಬೇಗನೆ ಚೂಡಿದಾರ ಹಾಕಿಕೊಂಡು, ಜಡೆಯನ್ನು ಗಂಟು ಕಟ್ಟಿ ಡೇರೆಯಿಂದ ಹೊರಗೆ ಬಂದೆ. ಸ್ಟೋವು ಆಗಲೇ ಜೀಪಿನಲ್ಲಿತ್ತು. ಇವರು ಯಂತ್ರ ಬಿಸಿ ಮಾಡುತ್ತಿದ್ದರು. ಅಷ್ಟರಲ್ಲಿ ಕೊಲ್ಲಾಪುರದವರಿಬ್ಬರು ತಾಟು ಹಿಡಿದು ಬಂದರು.

"ಭಾಭಿ, ಇಂದು ಕೊನೆಯ ದಿನ. ನಿಮ್ಮ ಭಾಕ್ರಿ ತಿನ್ನದೆ ಹೇಗೆ ಹೋಗುವುದು?"

ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಆಮೇಲೆ ಇವರು ಹೋಗಿ ಜೀಪಿನಿಂದ ಸ್ಟೋವು ಇಳಿಸಿದರು.

ಇಬ್ಬರಿಗೆ ಎಷ್ಟು ಹೊತ್ತು ಬೇಕು? ಆದರೆ ಅವರ ಹಿಂದೆ ಹೈದರಾಬಾದಿನವರು ಬಂದರು, ಅವರನ್ನು ನೋಡಿ ಇನ್ನೊಂದು ಡೇರೆಯವರು. ಹೊಸ ಚೂಡಿದಾರದ ಮಡಿಲೆಲ್ಲ ಹಿಟ್ಟಾಯಿತು. ನಾನು ಬಡಿಯುತ್ತ ಬಡಿಯುತ್ತ ಪಟ್ಟಿಯ ಕೊನೆಯಲ್ಲಿ ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲವನ್ನೇ ನೋಡುತ್ತಿದ್ದೆ. ಗಾಳಿ ತೋರಿಸಲು ಕಟ್ಟಿದ್ದು ಅದು. ಮೊದಲು ಅದು ಜೋತುಬಿದ್ದಿತ್ತು. ಆಮೇಲೆ ತುದಿ ಅಲುಗಿತು. ಆಮೇಲೆ ಅರ್ಧ ಎದ್ದಿತು. ಇವರೂ ಯಂತ್ರದ ಬಳಿ ನಿಂತು ಅದನ್ನೇ ನೋಡುತ್ತಿದ್ದರು, ಕಣ್ಣು ಕಿರಿದು ಮಾಡಿಕೊಂಡು. ಸಾಕ್ರಿ ಇನ್ನ, ನಾವು ಹೊರಡಬೇಕು, ಎಂದು ಇಬ್ಬರಲ್ಲಿ ಒಬ್ಬರು ಹೇಳಿದ್ದರೆ ಮುಗಿಯುತ್ತಿತ್ತು. ಅವರೆಲ್ಲ ಒಳ್ಳೆಯ ಜನ, ಕ್ಷಮೆ ಕೇಳಿ ಎದ್ದು ಹೋಗುತ್ತಿದ್ದರು. ನಮ್ಮಿಬ್ಬರ ಬಾಯಿಂದಲೂ ಅದು ಬರಲಿಲ್ಲ. ಕೊನೆಯವರು ಕೈ ತೊಳೆಯುವಾಗ ಚೀಲ ಪೂರ್ತಿ ಉಬ್ಬಿ ಬಿರುಸಾಗಿ ನಿಂತಿತ್ತು.

ಇವರು ಬಂದು ಸ್ಟೋವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಇಬ್ಬರಿಗೆ ಇನ್ನ ಆಗೂದಿಲ್ಲ."

"ಗೊತ್ತೈತ್ರಿ. ನೀವೊಬ್ಬರ ಹೋಗ್ರಿ. ನಾ ಜೀಪ್ ತಗೊಂಡ ಬರ್ತೇನಿ."

ಇವರಿಗೆ ಒಬ್ಬರೇ ಹೋಗಲು ಏನೂ ಅಡ್ಡಿಯಿರಲಿಲ್ಲ. ಜೀವಮಾನದ ಕೊನೆಯ ಹಾರಾಟ ಅದು, ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇವರು ಎದ್ದು, ಪುಣೆಯವರ ಡೇರೆಗೆ ನಡೆದು, ಯಂತ್ರದ ಕೀಲಿಯನ್ನು ಅಲ್ಲಿಯೇ ಅವರ ಕೈಗಿಟ್ಟು ಬಂದರು. ಬಂದವರು ಜೀಪಿನ ಎಡಗಡೆ ಹತ್ತಿ ಕುಳಿತರು.

"ನಡಿ," ಎಂದರು.

ಇಂಥ ಕಡೆ ಹೆಂಡತಿಯ ಕಣ್ಣಲ್ಲಿ ನೀರು ಬರಬೇಕೆಂದು ನೀವು ಕಾಯುತ್ತಿರಬಹುದು. ನನಗೆ ಬಂದದ್ದು ಸಿಟ್ಟು. ಯಾರ ಮೇಲೆಂದು ತಿಳಿಯದ ಸಿಟ್ಟು. ಜೊತೆಗೆ ವಿಪರೀತ ದಣಿವು. ಗೇರು ಹಾಕಲೂ ತೋಳು ಏಳುತ್ತಿರಲಿಲ್ಲ. ಧೂಳಿನಲ್ಲಿ, ಕಬ್ಬಿನ ಟ್ರೇಲರುಗಳ ನಡುವೆ, ತಗ್ಗಿಗಿಳಿದು ಹತ್ತಿ, ಇಳಿದು ಹತ್ತಿ ಹೋದೆವು. ಇವರು ಮುಂದಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ರಾಮದುರ್ಗ ಇನ್ನೂ ಬಂದಿರಲಿಲ್ಲ, ಆಗ ಕೇಳಿದರು:

"ಪ್ರತಿ ವರ್ಷ ಇದ ರಸ್ತಾದಾಗ ಬರ್ತಿದ್ದೇನ ನೀ?"

"ಮತ್ತ ಬ್ಯಾರೆ ಯಾವ ರಸ್ತಾ ಐತ್ರಿ?"

"ಮ್ಯಾಲಿಂದ ಇದು ಇಷ್ಟ ಉದ್ದ ಕಾಣತಿದ್ದಿಲ್ಲ."

ಸವದತ್ತಿ ಸಮೀಪಿಸಿದಾಗ ಬಲಗಡೆ ದೂರದಲ್ಲಿ ಎಲ್ಲೋ ಹಿನ್ನೀರು ಇರಬೇಕು. ನಾನು ಆ ಕಡೆ ತಿರುಗಲಿಲ್ಲ, ಅವರೂ ತಿರುಗಲಿಲ್ಲ.

ಆಮೇಲೆ ವರ್ಷಗಳು ಹೋದವು. ಆ ದಿನದ ಮಾತನ್ನು ಇಬ್ಬರೂ ಒಮ್ಮೆಯೂ ಎತ್ತಲಿಲ್ಲ. ಚೂಡಿದಾರವನ್ನು ನಾದಿನಿಯ ಮಗಳಿಗೆ ಕೊಟ್ಟೆ, ಅವಳಿಗೆ ಅದು ದೊಗಳೆಯಾಯಿತು. ಇವರಿಗೆ ಈಗ ಎದುರಿಗೆ ನಿಂತವರ ಮುಖವೂ ಸ್ಪಷ್ಟವಿಲ್ಲ, ದನಿಯ ಮೇಲೆ ಗುರುತಿಸುತ್ತಾರೆ. ನನ್ನ ಮೊಣಕಾಲು ಹೋಗಿವೆ. ಮನೆಗೆ ಜನ ಬರುವುದು ಮಾತ್ರ ನಿಂತಿಲ್ಲ.

ನಿನ್ನೆಯೂ ಹಾಗೆಯೇ. ಹೊಗೆ ತಾಳಲಾರದೆ ಪಕ್ಕದ ಮನೆಯ ಗಂಡಹೆಂಡತಿ, ಅವರ ಬೀಗರು, ಎಲ್ಲ ನಮ್ಮ ಪಡಸಾಲೆಗೆ ಬಂದು ಕುಳಿತರು. ಮಾತು ಬೆಳೆಯಿತು. ಕೊನೆಗೆ ಪಕ್ಕದ ಮನೆಯವರು, "ವೈನಿ, ಬೀಗರು ಬಂದಾರ, ನಿಮ್ಮ ಕೈದ ಒಂದೊಂದ ಕಪ್ ಚಾ ಆಗ್ಲಿ," ಎಂದರು. ದಿನವಿಡೀ ಕುಂಟುತ್ತ ಓಡಾಡಿದ್ದ ನಾನು ಮೊಣಕಾಲಿಗೆ ಕೈಕೊಟ್ಟು ಏಳತೊಡಗಿದ್ದೆ.

"ಇವತ್ತ ಚಾ ಇಲ್ರಿ," ಎಂದರು ನಮ್ಮವರು, ಕುರ್ಚಿಯಿಂದ.

ಚೇಷ್ಟೆಯೆಂದು ಎಲ್ಲರೂ ನಕ್ಕರು. ಇವರು ನಗಲಿಲ್ಲ.

"ಆಕಿ ದಣದಾಳ. ನಾಳೆ ಬರ್ರಿ."

ಬಂದವರು ಮುಖಮುಖ ನೋಡಿಕೊಂಡು, ಇನ್ನೂ ಎರಡು ಮಾತಾಡಿದಂತೆ ಮಾಡಿ, ಎದ್ದು ಹೋದರು. ಮರ್ಯಾದೆ ಹೋಯಿತೆಂದು ನನ್ನ ಮೈಯೆಲ್ಲ ಬಿಸಿಯಾಯಿತು. "ಏನ್ರಿ ಇದು, ಬಂದವರಿಗೆ ಹಂಗ ಅಂತಾರೇನು?" ಎಂದು ಕೇಳಿದೆ.

"ಅವತ್ತ ಅನ್ನಬೇಕಾಗಿತ್ತು," ಎಂದರು.

ಯಾವತ್ತು ಎಂದು ನಾನು ಕೇಳಲಿಲ್ಲ. "ಹೌದ್ರಿ, ಅನ್ನಬೇಕಾಗಿತ್ತು. ನನಗ ಭಾಳ ಆಸೆ ಇತ್ತು," ಎಂದೆ. ಅಡುಗೆಮನೆಯಲ್ಲಿ ಕೆಲಸ ಹಾಗೆಯೇ ಬಿದ್ದಿತ್ತು. ಕತ್ತಲಾಗುವವರೆಗೆ ನಾನು ಅವರ ಪಕ್ಕದಲ್ಲಿ ಕುಳಿತೇ ಇದ್ದೆ.