ಕಾಕಾನ ಚೀಟಿ ನಡೆದ ದಿನಗಳು

ಮೊನ್ನೆ ಬೆಳಗಾವಿಯ ಅಂಚೆ ಕಚೇರಿಯಲ್ಲಿ ಮುದ್ರೆಯ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಅದರ ಜತೆಗೇ ಖಾನಾಪುರದ ಕಿರಾಣಿ ಅಂಗಡಿಯ ಕಾಕಾ ನೆನಪಾದರು...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಅಲ್ಲಿನ ಶಾಲೆಯೊಂದರಲ್ಲಿ ಹೊಸ ಶಿಕ್ಷಕಿ. ಪೇಟೆಯಲ್ಲಿ ಚಿಲ್ಲರೆಯೇ ಸಿಗುತ್ತಿರಲಿಲ್ಲ, ಹತ್ತು ಪೈಸೆಗೂ ಜಗಳ. ಕಾಕಾ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹತ್ತು ಪೈಸೆ, ನಾಲ್ಕಾಣೆ ಎಂದು ಬರೆದು, ನೇರಳೆ ಮುದ್ರೆ ಒತ್ತಿ ಚಿಲ್ಲರೆಯ ಬದಲು ಕೊಡತೊಡಗಿದರು. ಹಿಂಬದಿಯಲ್ಲಿ ಯಾವುದೋ ಮದುಮಗಳ ಅರ್ಧ ಹೆಸರು ಇರುತ್ತಿತ್ತು. ಮೊದಲು ಅವರ ಅಂಗಡಿಯಲ್ಲಷ್ಟೇ ನಡೆಯುತ್ತಿದ್ದ ಆ ಚೀಟಿಗಳನ್ನು ಆಮೇಲೆ ಚಹಾದಂಗಡಿಯವರು, ನಂದಗಡದಿಂದ ಬರುವ ಕಾಯಿಪಲ್ಲೆಯ ಹೆಂಗಸರೂ ಒಪ್ಪಿಕೊಂಡರು. ಸರಕಾರ ಬಿಟ್ಟು ಬೇರೆಯವರು ಹೀಗೆ ದುಡ್ಡು ಮಾಡಬಹುದೇ ಎಂದು ನಾನೊಮ್ಮೆ ಕಾಕಾರನ್ನೇ ಕೇಳಿದೆ.

"ಅಕ್ಕೋರ, ರೊಕ್ಕ ಅಂದ್ರ ಕೊಟ್ಟ ಮಾತು ರೀ. ಉಳಿಸಿಕೊಂಡ್ರ ಯಾರ ಕಾಗದಾನೂ ನಡೀತೈತಿ. ಇಲ್ಲಂದ್ರ ಸರಕಾರದ್ದೂ ರದ್ದಿನ," ಎಂದರು.

ಮರುವರ್ಷ ಎದೆನೋವೆಂದು ಅವರನ್ನು ಬೆಳಗಾವಿಯ ದವಾಖಾನೆಗೆ ಒಯ್ದರು. ಅಂಗಡಿಗೆ ಬೀಗ ಬಿತ್ತು. ಶಾಲೆಯಲ್ಲಿ ಉಳಿದ ಶಿಕ್ಷಕರೊಂದಿಗೆ ಚಹಾ ಕುಡಿಯುತ್ತ ನಾನು ಸುಮ್ಮನೆ ಅಂದೆ: "ಕಾಕಾಗ ಏನರೆ ಆದ್ರ ಈ ಚೀಟಿಗೆ ಯಾರು ಜವಾಬ್ದಾರರು?"

ಅಷ್ಟೇ ಅಂದದ್ದು. ಸಂಜೆಯೊಳಗೆ ಆ ಮಾತು ಪೇಟೆ ಸುತ್ತಿತು. ಮರುದಿನ ಚೀಟಿಯನ್ನು ಯಾರೂ ಮುಟ್ಟಲಿಲ್ಲ.

ವಾರದ ಮೇಲೆ ಕಾಕಾ ಮರಳಿದಾಗ ಅಂಗಡಿಯ ಬಾಗಿಲಲ್ಲಿ ಚೀಟಿ ಹಿಡಿದು ಊರೇ ಸಾಲುಗಟ್ಟಿತ್ತು. ಕುಳಿತುಕೊಂಡೇ ಅವರು ಅಕ್ಕಿ, ಬೆಲ್ಲ, ಉಪ್ಪು ತೂಗಿ ಕೊಟ್ಟರು. ಯಾರೋ ಮಾಡಿಕೊಂಡಿದ್ದ ಖೋಟಾ ಮುದ್ರೆಯ ಚೀಟಿಗಳಿಗೂ ಕೊಟ್ಟರಂತೆ. ಎಲ್ಲರೆದುರು ಯಾರನ್ನೂ ಕಳ್ಳರೆನ್ನಲು ಮನಸ್ಸು ಬರಲಿಲ್ಲವೇನೋ... ನಾಲ್ಕು ದಿನಕ್ಕೆ ಡಬ್ಬಿಗಳು ಬರಿದಾದವು. ಹೊಸ ಮಾಲು ತರಿಸುವ ಶಕ್ತಿ ಅವರಲ್ಲಿ ಉಳಿಯಲಿಲ್ಲ. ನನ್ನ ಬಳಿಯೂ ಹನ್ನೊಂದು ಚೀಟಿಗಳಿದ್ದವು. ನಾನು ಸಾಲಿನಲ್ಲಿ ನಿಲ್ಲಲಿಲ್ಲ. ಅವರ ಮುಖ ನೋಡಲಾಗದೆ ಹಿಂದಿನ ಓಣಿಯಿಂದ ಶಾಲೆಗೆ ಹೋಗತೊಡಗಿದೆ.

ಅದೇ ವರ್ಷ ಕಾಕಾ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಮಗಳು ನನ್ನ ಕೈ ಹಿಡಿದುಕೊಂಡಳು.

"ಅಪ್ಪ ನಿಮ್ಮನ್ನ ಭಾಳ ನೆನಸ್ತಿದ್ದ ರೀ. ಊರೆಲ್ಲಾ ಚೀಟಿ ಹಿಡಕೊಂಡು ಬಂತು, ಅಕ್ಕೋರು ಒಬ್ರ ಬರಲಿಲ್ಲ, ಅವರಿಗೆ ನನ್ನ ಮ್ಯಾಲೆ ನಂಬಿಗಿ ಇತ್ತು ಅಂತಿದ್ದ."

ನಾನು ದೂರ ಉಳಿದದ್ದು ನಂಬಿಕೆಯಿಂದಲ್ಲ, ನಾಚಿಕೆಯಿಂದ ಎನ್ನಲು ಬಾಯಿ ಬರಲಿಲ್ಲ.

ಈಗ ಆ ಮಗಳೂ ಇಲ್ಲ. ನಿಜ ಹೇಳಬೇಕಾಗಿದ್ದ ಇಬ್ಬರೂ ಹೋದ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ...